ಬಿಸಿಲಿಗೆ ಕೆಟ್ಟ ಮದ್ದಿನ ಲೆಕ್ಕ ಯಾರ ಹೆಸರಿಗೆ?

(ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಕಟ್ಟೆಯ ಮೇಲೆ ನಿಂತು ನಾವು ಸಾಮಾನ್ಯವಾಗಿ ಮಾತಾಡುವುದು ಕೂಲಿಯ ವಿಷಯ, ಬೋನಸ್ಸಿನ ವಿಷಯ, ಸಂತೆಕರದ ವಿಷಯ. ಈ ಸಲ ಔಷಧಿಯ ವಿಷಯ ಇಟ್ಟುಕೊಂಡಿದ್ದೇವೆಂದು ಚೀಟಿ ಹಂಚಿದಾಗ, "ಇದು ಡಾಕ್ಟರ ಕೆಲಸ, ಸಂಘಕ್ಕೇಕೆ?" ಎಂದು ಕೆಲವರು ಕೇಳಿದರು. ಕೇಳಿದ್ದು ತಪ್ಪಲ್ಲ, ಉತ್ತರವೂ ಕಠಿಣವಲ್ಲ. ದಾಲ್ ಮಿಲ್ಲಿನಲ್ಲಿ ಚೀಲ ಹೊತ್ತು ಗಳಿಸಿದ ಕೂಲಿಯಲ್ಲಿ ಒಂದು ಪಾಲು ಔಷಧಿ ಅಂಗಡಿಗೆ ಹೋಗುತ್ತದೆ. ಹಾಗೆ ಕೊಂಡ ಔಷಧಿ ನಮ್ಮ ತಗಡಿನ ಮನೆಯಲ್ಲಿ ನಾಲ್ಕು ದಿನದಲ್ಲಿ ನೀರಾಗಿ ಹೋದರೆ ಅದೂ ಕೂಲಿಯಲ್ಲಿ ಆದ ಕಡಿತವೇ. ಧಣಿ ಮಾಡಿದ ಕಡಿತ ಪಗಾರದ ಚೀಟಿಯಲ್ಲಿ ಕಾಣುತ್ತದೆ, ಅದರ ಮೇಲೆ ಜಗಳ ತೆಗೆಯಬಹುದು. ಬಿಸಿಲು ಮಾಡಿದ ಕಡಿತ ಯಾವ ಚೀಟಿಯಲ್ಲೂ ಕಾಣುವುದಿಲ್ಲ.

ನಮ್ಮದು ಬಿಸಿಲು ಸೀಮೆ. ಕಲಬುರಗಿ, ರಾಯಚೂರು, ಬಳ್ಳಾರಿ ಎಂದರೆ ಬೆಂಗಳೂರಿನವರು ಮೊದಲು ಕೇಳುವುದೇ ಬಿಸಿಲಿನ ಸುದ್ದಿ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. 43 ಮುಟ್ಟುವ ದಿನಗಳೂ ಉಂಟು. ಆ ದಿನಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರ ತನಕ ಎಂದು ಬದಲಾಯಿಸುವುದು ರೂಢಿಯಾಗಿದೆ. ಒಳ್ಳೆಯದೇ ಆಯಿತು, ಗುಮಾಸ್ತನೂ ಮನುಷ್ಯನೇ. ಆದರೆ ಮಿಲ್ಲಿನ ಭೋಂಗಾ ಮಾತ್ರ ಎಂದಿನ ವೇಳೆಗೇ ಕೂಗುತ್ತದೆ. ನಮ್ಮ ಮನೆಗಳ ಮೇಲಿನ ತಗಡಿನ ಶೀಟೂ ಎಂದಿನಂತೆಯೇ ಕಾಯುತ್ತದೆ. ಹವಾಮಾನದವರು ಹೇಳುವ ಉಷ್ಣಮಾನ ಗಾಳಿಯಾಡುವ ನೆರಳಿನಲ್ಲಿ ಅಳೆದದ್ದು. ಶೀಟಿನ ಕೆಳಗೆ, ಕಿಟಕಿಯಿಲ್ಲದ ಕೋಣೆಯ ಅಟ್ಟದ ಮೇಲೆ, ಅದಕ್ಕಿಂತ ಹೆಚ್ಚೇ ಇರುತ್ತದೆ. ನಾವು ಔಷಧಿ ಇಡುವುದು ಅಲ್ಲಿಯೇ, ಮಕ್ಕಳ ಕೈಗೆ ಸಿಗಬಾರದೆಂದು.

ಈಗ ಔಷಧಿಯ ಡಬ್ಬಿಯ ಮೇಲೆ ಬರೆದಿರುವುದನ್ನು ನೋಡೋಣ. ಅಕ್ಷರ ಇಂಗ್ಲಿಷಿನದು, ಸಾಸಿವೆ ಕಾಳಿಗಿಂತ ಸಣ್ಣದು. ಆದರೆ ಅಂಕಿಗಳನ್ನು ಯಾರಾದರೂ ಓದಬಹುದು. ಅಂಕಿಯ ತಲೆಯ ಮೇಲೆ ಒಂದು ಚಿಕ್ಕ ಸೊನ್ನೆ ಇದ್ದರೆ ಅದು ಉಷ್ಣಮಾನವೆಂದು ತಿಳಿಯಿರಿ. 30 ಎಂದಿದ್ದರೆ 30 ಡಿಗ್ರಿಯ ಒಳಗೆ, 25 ಎಂದಿದ್ದರೆ 25ರ ಒಳಗೆ, 2 ಮತ್ತು 8 ಎಂದು ಜೋಡಿ ಅಂಕಿ ಇದ್ದರೆ ಫ್ರಿಜ್ಜಿನಲ್ಲೇ ಇಡಬೇಕೆಂದು ಅರ್ಥ. ನಮ್ಮ ದೇಶದ ಅಧಿಕೃತ ಔಷಧ ಸಂಹಿತೆಯಲ್ಲಿ ಈ ಮಾತುಗಳಿಗೆಲ್ಲ ನಿಖರವಾದ ಅರ್ಥವಿದೆ. 'ತಂಪು ಜಾಗ' ಎಂದರೆ 8ರಿಂದ 25 ಡಿಗ್ರಿ. 40 ಡಿಗ್ರಿ ದಾಟಿದರೆ ಅದನ್ನು 'ಅತಿಯಾದ ಉಷ್ಣ' ಎಂದು ಕರೆಯಲಾಗಿದೆ. ಅಂದರೆ ಸಂಹಿತೆ ಯಾವುದನ್ನು ಅತಿ ಎನ್ನುತ್ತದೋ ಅದು ನಮ್ಮಲ್ಲಿ ಬೇಸಿಗೆಯ ಮಾಮೂಲಿ ಮಧ್ಯಾಹ್ನ!

ಹಾಗೆಂದು ಗಾಬರಿಬಿದ್ದು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಿಪ್ಪೆಗೆ ಎಸೆಯಬೇಡಿ. ಈ ಮಾತನ್ನು ಒತ್ತಿ ಹೇಳುತ್ತೇವೆ. ಹೊಸ ಔಷಧಿ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಸಾಮಾನ್ಯವಾಗಿ 40 ಡಿಗ್ರಿ ಉಷ್ಣದಲ್ಲಿ, ನೂರಕ್ಕೆ 75ರ ತೇವಾಂಶದಲ್ಲಿ, 6 ತಿಂಗಳು ಇಟ್ಟು ಪರೀಕ್ಷೆ ಮಾಡುತ್ತಾರೆ. ಆದುದರಿಂದ ರಕ್ತದೊತ್ತಡದ ಮಾತ್ರೆಯೋ ಜ್ವರದ ಮಾತ್ರೆಯೋ ನಾಲ್ಕು ದಿನ ಬಿಸಿಲಿನ ಕಾವು ತಿಂದರೆ ವಿಷವಾಗುವುದಿಲ್ಲ. ಆದರೆ ಆ ಪರೀಕ್ಷೆ ಮಾಡುವುದು ಕಂಪನಿಯ ಮೊಹರಿನ ಹಾಳೆಯೊಳಗೆ ಮಾತ್ರೆ ಭದ್ರವಾಗಿರುವಾಗ. ನಾವು ಮಾಡುವುದೇನು? ಹತ್ತು ಮಾತ್ರೆಯ ಹಾಳೆ ಕೊಳ್ಳಲು ಹಣವಿಲ್ಲದೆ ಎರಡು ಮಾತ್ರೆ ಕತ್ತರಿಸಿ ಕೊಡಿ ಎನ್ನುತ್ತೇವೆ. ತಾರೀಖು ಒಂದು ತುಂಡಿನಲ್ಲಿ, ಉಷ್ಣಮಾನದ ಸೂಚನೆ ಇನ್ನೊಂದು ತುಂಡಿನಲ್ಲಿ, ನಮ್ಮ ಕೈಗೆ ಬಂದ ತುಂಡಿನಲ್ಲಿ ಏನೂ ಇಲ್ಲ. ಕೆಲವು ಮನೆಗಳಲ್ಲಿ ಅವ್ವನಿಗೆ ಬಿಡಿಸಲು ಬರುವುದಿಲ್ಲವೆಂದು ಎಲ್ಲ ಮಾತ್ರೆ ಬಿಡಿಸಿ ಒಂದೇ ಡಬ್ಬಿಗೆ ಸುರಿಯುತ್ತಾರೆ. ಹಾಳೆ ಬಿಟ್ಟ ಮಾತ್ರೆಗೆ ಕಾವಿನ ಜೊತೆಗೆ ತೇವವೂ ಸೇರುತ್ತದೆ. ಆಸ್ಪಿರಿನ್ ಮಾತ್ರೆಯ ಡಬ್ಬಿ ತೆರೆದಾಗ ಹುಳಿ ವಾಸನೆ, ವಿನೆಗರಿನಂಥ ವಾಸನೆ ಬಂದರೆ ಮಾತ್ರೆ ಒಡೆದುಹೋಗಿದೆ ಎಂದೇ ತಿಳಿಯಬೇಕು. ಅದು ಒಡೆದಾಗ ಹುಟ್ಟುವುದು ನಿಜವಾಗಿಯೂ ಆ ಹುಳಿಯೇ. ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿಕೊಂಡರೆ, ಮಾತ್ರೆಯ ಬಣ್ಣ ಚುಕ್ಕೆ ಚುಕ್ಕೆಯಾದರೆ, ಮುಲಾಮು ನೀರು ಬಿಟ್ಟರೆ, ಅವನ್ನು ಅಂಗಡಿಯವರಿಗೆ ತೋರಿಸಿ. ಹಳೆಯದಾಗಿ ಕೆಟ್ಟ ಟೆಟ್ರಾಸೈಕ್ಲಿನ್ ತಿಂದು ಮೂತ್ರಪಿಂಡಕ್ಕೆ ಪೆಟ್ಟಾದ ರೋಗಿಗಳ ವರದಿ 1963ರಲ್ಲೇ ಅಮೆರಿಕದಲ್ಲಿ ಬಂದಿತ್ತು. ಕೆಟ್ಟ ಔಷಧಿ ಬರೇ ಸಪ್ಪೆಯಾಗುತ್ತದೆ ಎಂದು ಎಲ್ಲ ಕಾಲಕ್ಕೂ ಹೇಳುವಂತಿಲ್ಲ.

ಎದೆನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೊಗ್ಲಿಸರಿನ್ ಮಾತ್ರೆಯ ಕಥೆಯೇ ಬೇರೆ. ಅದರ ಸತ್ವ ಕರ್ಪೂರದ ಹಾಗೆ ಗಾಳಿಗೆ ಹಾರಿಹೋಗುವಂಥದು. ಗಾಜಿನ ಸೀಸೆಯಿಂದ ತೆಗೆದು ಪೊಟ್ಟಣ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಿಸಿಲಿನಲ್ಲಿ ತಿರುಗಿದರೆ, ಎದೆ ಹಿಡಿದುಕೊಂಡ ದಿನ ನಾಲಿಗೆಯ ಕೆಳಗೆ ಇರುವುದು ಬರೇ ಸುಣ್ಣದ ಹುಡಿಯಂಥ ವಸ್ತು. ಅದನ್ನು ಬಂದ ಸೀಸೆಯಲ್ಲಿಯೇ, ಮುಚ್ಚಳ ಬಿಗಿಯಾಗಿ ತಿರುಗಿಸಿ ಇಡಬೇಕು. ಸೀಸೆಗೆ ಹತ್ತಿ ತುರುಕಬಾರದು, ಹತ್ತಿಯೇ ಸತ್ವವನ್ನು ಹೀರಿಕೊಳ್ಳುತ್ತದೆ. ಥೈರಾಯಿಡಿನ ಮಾತ್ರೆಗೂ ಕಾವು, ಬೆಳಕು, ತೇವ ಮೂರೂ ಆಗದು. ದಮ್ಮಿನವರು ಬಾಯಿಗೆ ಹಿಡಿದು ಒತ್ತುವ ಪಂಪನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು. ಒಳಗಿನ ಅನಿಲ ಒತ್ತಡದಲ್ಲಿರುತ್ತದೆ, ಹೆಚ್ಚು ಕಾದರೆ ಡಬ್ಬಿ ಸಿಡಿಯಬಹುದು. ಮಕ್ಕಳಿಗೆ ಕೊಡುವ ಪುಡಿ ಕದಡುವ ಆಂಟಿಬಯಾಟಿಕ್ ಸಿರಪ್ಪು, ನೀರು ಬೆರೆಸಿದ ಮೇಲೆ ಬಾಳುವುದು ಕೆಲವೇ ದಿನ. ಅಮಾಕ್ಸಿಸಿಲಿನ್‌ಗೆ ಕ್ಲಾವುಲನೇಟ್ ಬೆರೆತ ಜಾತಿಯದಾದರೆ ಫ್ರಿಜ್ಜಿನಲ್ಲಿಟ್ಟೂ 7 ದಿನ. ಅರ್ಧ ಉಳಿಯಿತೆಂದು ಮುಂದಿನ ತಿಂಗಳು ತಮ್ಮನಿಗೆ ಕುಡಿಸುವುದು ಉಳಿತಾಯವಲ್ಲ. ವಾಂತಿಭೇದಿಗೆ ಕದಡಿದ ಓಆರ್‌ಎಸ್ ನೀರನ್ನೂ 24 ಗಂಟೆಯ ಮೇಲೆ ಇಡಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಅದು ಇನ್ಸುಲಿನ್.

ನಮ್ಮ ಹಮಾಲರಲ್ಲಿ, ನೇಕಾರರಲ್ಲಿ, ತಳ್ಳುಗಾಡಿಯವರಲ್ಲಿ ಸಕ್ಕರೆ ಕಾಯಿಲೆ ಈಗ ಮನೆಮನೆಯ ಮಾತು. ಶ್ರೀಮಂತರ ಕಾಯಿಲೆ ಎಂದು ಹೇಳುತ್ತಿದ್ದ ಕಾಲ ಹೋಯಿತು. ಮಾತ್ರೆಯಲ್ಲಿ ಹಿಡಿತಕ್ಕೆ ಬಾರದವರು ದಿನವೂ ಸೂಜಿ ಚುಚ್ಚಿಕೊಳ್ಳಬೇಕು. 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸೂಜಿ ಬಿತ್ತು. ಕಂಡುಹಿಡಿದವರು ಅದರ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಮಾರಿದ್ದು ತಲಾ ಒಂದು ಡಾಲರಿಗೆ. ಒಂದು ಡಾಲರಿಗೆ! ಇಂದಿನ ಕಂಪನಿಗಳವರು ಈ ಸುದ್ದಿಯನ್ನು ವಾರಕ್ಕೊಮ್ಮೆಯಾದರೂ ಓದಿಕೊಳ್ಳುವುದು ಒಳ್ಳೆಯದು.

ಈ ಇನ್ಸುಲಿನ್ ಒಂದು ಪ್ರೋಟೀನು. ಮೊಟ್ಟೆಯ ಬಿಳಿಯೂ ಪ್ರೋಟೀನೇ. ಮೊಟ್ಟೆ ಬೇಯಿಸಿದ ಮೇಲೆ ತಣ್ಣೀರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಬಿಳಿ ಮತ್ತೆ ಲೋಳೆಯಾಗುವುದಿಲ್ಲವಲ್ಲ, ಹಾಗೆ. ಕಾವಿನಲ್ಲಿ ಅದರ ಮಡಿಕೆ ಬಿಚ್ಚಿಹೋಯಿತೆಂದರೆ ಫ್ರಿಜ್ಜಿಗೆ ಹಾಕಿದರೂ ಹಿಂದಿರುಗದು. ಬರ್ಫವಾಗಿ ಗಟ್ಟಿಯಾದರೂ ಅಷ್ಟೇ, ಕೆಟ್ಟಿತು. ಕರಗಿಸಿ ಚುಚ್ಚಿಕೊಳ್ಳುವ ಹಾಗಿಲ್ಲ. ಇದರಲ್ಲಿ ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ಕೆಟ್ಟದ್ದು ಕಣ್ಣಿಗೆ ಕಾಣುವುದು ಅಪರೂಪ. ತಿಳಿಯಾಗಿರಬೇಕಾದದ್ದು ಕದಡಿದಂತಾದರೆ, ಹಾಲಿನಂತಿರಬೇಕಾದದ್ದು ಉರುಳಿಸಿದರೂ ಬೆರೆಯದೆ ಗಂಟು ಕಟ್ಟಿದರೆ, ಸೀಸೆಯ ಗೋಡೆಗೆ ಮಂಜು ಹಿಡಿದಂತೆ ಅಂಟಿದರೆ, ಅದು ಕೆಟ್ಟಿದೆ. ಆದರೆ ನೋಡಲು ಚೆನ್ನಾಗಿಯೇ ಇದ್ದು ಅರ್ಧ ಸತ್ವ ಕಳೆದುಕೊಂಡಿರಲೂ ಸಾಧ್ಯ. ಹಾಲು ಒಡೆದರೆ ತಾಯಿಗೆ ಗೊತ್ತಾಗುತ್ತದೆ, ಇನ್ಸುಲಿನ್ ಒಡೆದರೆ ರೋಗಿಗೂ ಗೊತ್ತಾಗುವುದಿಲ್ಲ.

ಇದರಿಂದ ಏನಾಗುತ್ತದೆಂಬುದಕ್ಕೆ ನಮಗೆ ಗೊತ್ತಿರುವ ಒಂದು ಸಂಗತಿ ಹೇಳುತ್ತೇವೆ. ನಮ್ಮ ಹಮಾಲಿ ಸಂಗಾತಿಯೊಬ್ಬರು ಊಟದ ಡಬ್ಬಿಯ ಚೀಲದಲ್ಲಿಯೇ ಇನ್ಸುಲಿನ್ ಸೀಸೆ ಇಟ್ಟುಕೊಂಡು ಮಿಲ್ಲಿಗೆ ಬರುತ್ತಿದ್ದರು. ಚೀಲ ನೇತುಹಾಕುವ ಮೊಳೆ ತಗಡಿನ ಶೆಡ್ಡಿನ ಪಶ್ಚಿಮದ ಗೋಡೆಯಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಅವರ ಸಕ್ಕರೆ ಏರಿತು. ಡಾಕ್ಟರು ಕೇಳಿದ್ದು, "ಪಥ್ಯ ತಪ್ಪಿದಿರಾ? ಸೂಜಿ ಬಿಟ್ಟಿರಾ?" ಎರಡೂ ಇಲ್ಲ ಎಂದರು, ಅದು ನಿಜ. ಸೀಸೆ ಎಲ್ಲಿಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಡೋಸು ಏರಿಸಿದರು. ಸತ್ವವಿಲ್ಲದ ಔಷಧಿಯಾದುದರಿಂದ ಏರಿಸಿದ ಡೋಸೂ ಸರಿಹೋಯಿತು. ಹತ್ತು ದಿನದ ಮೇಲೆ ಸೀಸೆ ಮುಗಿಯಿತು. ಹೊಸ ಸೀಸೆ ತಂದರು, ಅದು ಅಂಗಡಿಯ ಫ್ರಿಜ್ಜಿನಿಂದ ಬಂದ ತಾಜಾ ಸರಕು, ಪೂರ್ಣ ಸತ್ವದ್ದು. ಏರಿಸಿದ ಡೋಸನ್ನೇ ಚುಚ್ಚಿಕೊಂಡು ಕೆಲಸಕ್ಕೆ ಬಂದರು. ಹನ್ನೊಂದು ಗಂಟೆಗೆ ಚೀಲ ಬೆನ್ನ ಮೇಲಿರುವಾಗಲೇ ಬೆವರು ಕಿತ್ತು, ಕೈಕಾಲು ನಡುಗಿ ಕುಸಿದರು. "ಬಿಸಿಲು ಬಡಿಯಿತು" ಎಂದು ಸುತ್ತಲಿನವರು ತಲೆಗೆ ನೀರು ಹಾಕಿದರು. ಅದೃಷ್ಟಕ್ಕೆ ಒಬ್ಬ ಹುಡುಗನಿಗೆ ತಿಳಿದಿತ್ತು, ಬೆಲ್ಲ ಕದಡಿ ಕುಡಿಸಿದ. ಪ್ರಜ್ಞೆ ಇತ್ತಾದುದರಿಂದ ಕುಡಿಸಿದ್ದು ಸರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಗಾಡಿ ತರಿಸಿ ಆಸ್ಪತ್ರೆಗೆ ಒಯ್ಯಬೇಕು. ಆ ಸಂಗಾತಿ ಉಳಿದರು. ಗುಂಡಿಯ ಪಕ್ಕದಲ್ಲೋ, ಮೆಟ್ಟಿಲ ಮೇಲೋ ಕುಸಿದಿದ್ದರೆ ಕಥೆ ಬೇರೆಯಾಗುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ಗೋಡೆಯ ಆ ಒಂದು ಮೊಳೆ.

ಹಾಗಾದರೆ ಫ್ರಿಜ್ಜಿಲ್ಲದವನು ಇನ್ಸುಲಿನ್ ತೆಗೆದುಕೊಳ್ಳುವುದೇ ಬೇಡವೆ? ಬೇಕೇ ಬೇಕು. ಒಡೆಯದ ಹೊಸ ಸೀಸೆಗೆ 2ರಿಂದ 8 ಡಿಗ್ರಿ ಎಂಬುದು ನಿಯಮ. ಸೂಜಿ ಚುಚ್ಚಲು ತೊಡಗಿದ ಸೀಸೆಯನ್ನು ಸಾಮಾನ್ಯವಾಗಿ 25ರಿಂದ 30 ಡಿಗ್ರಿಯ ಒಳಗೆ ಹೊರಗೇ ಇಟ್ಟು 4 ವಾರ ಬಳಸಬಹುದು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಡಬ್ಬಿಯ ಚೀಟಿಯನ್ನು ಅಂಗಡಿಯವರಿಂದ ಓದಿಸಿಕೊಳ್ಳಿ. ಬಡವರ ಪಾಲಿಗೆ ಇನ್ನೂ ಸಮಾಧಾನದ ಸುದ್ದಿ ಕೀನ್ಯಾದಿಂದ ಬಂದಿದೆ. ಅಲ್ಲಿಯ ದಾಗಹಲೆ ನಿರಾಶ್ರಿತರ ಶಿಬಿರದಲ್ಲಿ ಯಾರ ಗುಡಿಸಲಲ್ಲೂ ಫ್ರಿಜ್ಜಿಲ್ಲ. 'ಗಡಿಯಿಲ್ಲದ ವೈದ್ಯರು' ಸಂಸ್ಥೆಯವರು ಅಲ್ಲಿಯ ಗುಡಿಸಲುಗಳ ಉಷ್ಣಮಾನ ಅಳೆದು, ಹಗಲು 37, ರಾತ್ರಿ 25 ಎಂಬಂತೆ ಏರಿಳಿಯುವ ಕಾವಿನಲ್ಲಿ 4 ವಾರ ಇನ್ಸುಲಿನ್ ಇಟ್ಟು, ಜಿನೀವಾ ವಿಶ್ವವಿದ್ಯಾಲಯದವರ ಜೊತೆಗೂಡಿ ಪರೀಕ್ಷಿಸಿದರು. ಫ್ರಿಜ್ಜಿನಲ್ಲಿಟ್ಟದ್ದಕ್ಕೂ ಅದಕ್ಕೂ ಸತ್ವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2021ರಲ್ಲಿ. 2023ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಒಡೆಯದ ಮಾನವ ಇನ್ಸುಲಿನ್ 25 ಡಿಗ್ರಿಯಲ್ಲಿ 6 ತಿಂಗಳು, 37 ಡಿಗ್ರಿಯಲ್ಲಿ 2 ತಿಂಗಳ ತನಕ ಗಣನೀಯವಾಗಿ ಕೆಡದೆ ಇರಬಲ್ಲುದೆಂದು ಹೇಳಿದರು. ಆದುದರಿಂದ ಒಂದು ರಾತ್ರಿ ಕರೆಂಟು ಹೋಯಿತೆಂದು ಬೆಲೆಬಾಳುವ ಸೀಸೆಯನ್ನು ಚೆಲ್ಲಬೇಡಿ. ಆದರೆ 37 ಡಿಗ್ರಿಯ ಮಾತು ಬೇರೆ, ಮೇ ತಿಂಗಳಲ್ಲಿ ನಮ್ಮ ಶೀಟಿನ ಕೆಳಗಿನ ಮಾತು ಬೇರೆ. ನಮ್ಮ ಕೆಲಸ ಆ ಕಾವನ್ನು 30ರ ಹತ್ತಿರಕ್ಕೆ ಇಳಿಸುವುದು.

ಅದಕ್ಕೆ ನಮ್ಮ ಅಜ್ಜಿಯರ ಹರವಿಯೇ ಸಾಕು. ಮಣ್ಣಿನ ಪಾತ್ರೆಯ ಮೈಯಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ಕಾವನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಮಂಗಳೂರಿನ ಕಡಲ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯದು. ನಮ್ಮ ಒಣಬಿಸಿಲಿನಲ್ಲಿ ಹತ್ತು ಡಿಗ್ರಿಯಷ್ಟು ಇಳಿಯುವುದುಂಟು. ನಮ್ಮನ್ನು ಸುಡುವ ಗಾಳಿಯೇ ಇಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ. ಮಾಡುವ ಬಗೆ ಹೀಗೆ: ಬಣ್ಣ, ಹೊಳಪು ಬಳಿಯದ ಒಂದು ದೊಡ್ಡ ಗಡಿಗೆ, ಅದರೊಳಗೆ ಕೂಡುವ ಒಂದು ಚಿಕ್ಕ ಗಡಿಗೆ. ನಡುವಿನ ಸಂದಿಗೆ ಉಸುಕು ತುಂಬಿ, ಉಸುಕಿಗೆ ಬೆಳಿಗ್ಗೆ ಸಂಜೆ ನೀರುಣಿಸಬೇಕು. ಔಷಧಿಯನ್ನು ನೀರು ತಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಡಿಗೆಯಲ್ಲಿಡಬೇಕು. ಬಾಯಿಗೆ ತೋಯಿಸಿದ ಗೋಣಿತಟ್ಟು. ಇಡುವ ಜಾಗದಲ್ಲಿ ನೆರಳೂ ಬೇಕು, ಗಾಳಿಯೂ ಬೇಕು; ಮೂಲೆಯಲ್ಲಿ ಮುಚ್ಚಿಟ್ಟರೆ ತಂಪಾಗದು. ನೈಜೀರಿಯಾ ದೇಶದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಉಪಾಧ್ಯಾಯರು ಕಳೆದ ಶತಮಾನದ ಕೊನೆಯ ದಶಕದಲ್ಲಿ ಇಂಥದೇ ಜೋಡುಗಡಿಗೆಗಳನ್ನು ಮಾಡಿಸಿ ರೈತರಿಗೆ ತರಕಾರಿ ಇಡಲು ಹಂಚಿ ಹೆಸರಾದರು. ಗಡಿಗೆಯಲ್ಲಿ 8 ಡಿಗ್ರಿ ಬರುವುದಿಲ್ಲ, ಲಸಿಕೆ ಇಡಲು ಅದು ತಕ್ಕದ್ದಲ್ಲ. ಬಳಕೆಯಲ್ಲಿರುವ ಇನ್ಸುಲಿನ್ನಿಗೆ, 25 ಎಂದು ಬರೆದ ಮಾತ್ರೆಗಳಿಗೆ ಅದು ಆಸರೆ. ಮಳೆಗಾಲದಲ್ಲಿ ಅದರ ಗುಣ ಕಡಿಮೆ, ಆಗ ಅದರ ಅಗತ್ಯವೂ ಕಡಿಮೆ.

ಗಡಿಗೆಯೂ ಇಲ್ಲದವರು ಮನೆಯಲ್ಲಿ ಜಾಗ ಆರಿಸಿಕೊಳ್ಳಬೇಕು. ಅಟ್ಟದಿಂದ ಕೆಳಗಿಳಿಸಿ, ಬಿಸಿಗಾಳಿ ಮೇಲೇರುತ್ತದೆ, ನೆಲದ ಹತ್ತಿರ ತಂಪಿರುತ್ತದೆ. ಹಳೆಯ ಕಲ್ಲುಮನೆಗಳ ದಪ್ಪ ಗೋಡೆಯ ಗೂಡು, ಶಹಾಬಾದ ಕಲ್ಲಿನ ನೆಲದ ಮೇಲಿನ ಮುಚ್ಚಿದ ಡಬ್ಬಿ, ಇವು ಒಳ್ಳೆಯವು. ಮಕ್ಕಳಿದ್ದರೆ ಬೀಗವಿರಲಿ. ಒಲೆಯ ಪಕ್ಕ, ಟಿವಿಯ ಮೇಲೆ, ಫ್ರಿಜ್ಜಿನ ತಲೆಯ ಮೇಲೆ, ಪಶ್ಚಿಮದ ಕಿಟಕಿಯಲ್ಲಿ, ಬಚ್ಚಲ ಗೂಡಿನಲ್ಲಿ ಬೇಡ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಔಷಧಿ ನಿಮ್ಮ ಕೈಚೀಲದಲ್ಲಿರಲಿ, ಡಿಕ್ಕಿಗೆ ಹಾಕಬೇಡಿ. ಇನ್ಸುಲಿನ್ನನ್ನು ಬರ್ಫದ ಮೇಲೆ ನೇರವಾಗಿ ಇಡಬಾರದು, ನಡುವೆ ದಪ್ಪ ಬಟ್ಟೆ ಇರಬೇಕು. ಫ್ರಿಜ್ಜಿದ್ದವರೂ ಬರ್ಫದ ಗೂಡಿಗೆ, ಹಿಂಗೋಡೆಗೆ ತಾಗಿಸಿ ಇಡಬಾರದು. ಬಾಗಿಲಿನ ಅರೆಯಲ್ಲಿಯೂ ಬೇಡ, ತೆಗೆದು ಹಾಕುವಾಗ ಅಲ್ಲಿ ಕಾವು ಏರಿಳಿಯುತ್ತದೆ. ನಡು ಅರೆಯಲ್ಲಿ ಒಂದು ಡಬ್ಬಿಯೊಳಗೆ ಇಡಿ. ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ಖಾಲಿ ಫ್ರಿಜ್ಜಿಗಿಂತ ನೀರಿನ ಬಾಟಲಿ ತುಂಬಿದ ಫ್ರಿಜ್ಜು ಹೆಚ್ಚು ಹೊತ್ತು ತಡೆಯುತ್ತದೆ.

ಇನ್ನು ಅಂಗಡಿಕಾರ ಬಂಧುಗಳಿಗೆ ಒಂದೆರಡು ಮಾತು. ಸಿಟ್ಟಾಗಬೇಡಿ. 1945ರ ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಔಷಧಿ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗವೂ, ಔಷಧಿಯ ಗುಣ ಕೆಡದಂತೆ ಇಡುವ ಸಾಧನಗಳೂ ಇರಬೇಕು. ಲೈಸನ್ಸಿನ ದಿನ ಎಲ್ಲರ ಅಂಗಡಿಯಲ್ಲೂ ಫ್ರಿಜ್ಜು ಇರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿ ಕೆಲವರಲ್ಲಿದೆ. ಶಾರ್ಟ್ ಸರ್ಕಿಟ್ಟಿನ ಭಯ ಒಂದು ಕಡೆ, ಕರೆಂಟು ಬಿಲ್ಲಿನ ಭಯ ಇನ್ನೊಂದು ಕಡೆ. ಎರಡೂ ನಿಜವಾದ ಭಯಗಳೇ. ಆದರೆ ಆರಿಸಿದ ಆ ಹತ್ತು ಗಂಟೆಯಲ್ಲಿ, ಮುಚ್ಚಿದ ಶಟರಿನ ಹಿಂದೆ ಏನಾಗುತ್ತದೆಂದು ಒಮ್ಮೆ ಒಂದು ಥರ್ಮಾಮೀಟರು ಇಟ್ಟು ನೋಡಿ. ಫ್ರಿಜ್ಜಿಗೆ ಬೇರೆ ಲೈನು ಎಳೆಸಿ ಉಳಿದದ್ದನ್ನು ಆರಿಸಬಹುದು. ಬಿಸಿಲು ಬೀಳುವ ಶೋಕೇಸಿನಲ್ಲಿ ಸಿರಪ್ಪಿನ ಸಾಲು ಚಂದ ಕಾಣುತ್ತದೆ. ಖಾಲಿ ಡಬ್ಬಿಗಳನ್ನು ಜೋಡಿಸಿದರೂ ಅಷ್ಟೇ ಚಂದ ಕಾಣುತ್ತದೆ. ಮಾತ್ರೆ ಕತ್ತರಿಸಿ ಕೊಡುವಾಗ ತಾರೀಖಿರುವ ತುಂಡನ್ನು ಕೊನೆಗೆ ಉಳಿಸಿಕೊಳ್ಳಿ, ಪೊಟ್ಟಣದ ಮೇಲೆ ಕನ್ನಡದಲ್ಲಿ 'ತಂಪಿನಲ್ಲಿಡಿ' ಎಂದು ಪೆನ್ನಿನಲ್ಲಿ ಬರೆಯಿರಿ. ಬರೆಯಲು ಎಷ್ಟು ಹೊತ್ತು ಬೇಕು?

ಆದರೆ ಎಲ್ಲ ಭಾರವನ್ನೂ ಸಣ್ಣ ಅಂಗಡಿಯವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾರ್ಖಾನೆಯಿಂದ ಡಿಪೋಗೆ, ಡಿಪೋದಿಂದ ಸ್ಟಾಕಿಸ್ಟನಿಗೆ, ಅಲ್ಲಿಂದ ಅಂಗಡಿಗೆ ಬರುವ ದಾರಿಯಲ್ಲಿ ಮಾತ್ರೆ, ಸಿರಪ್ಪುಗಳ ಪೆಟ್ಟಿಗೆಗಳು ಎಷ್ಟು ಸಲ ತಾಡಪತ್ರಿ ಹೊದಿಸಿದ ಟೆಂಪೋದಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಂತಿರುತ್ತವೆಂಬುದನ್ನು ಇಳಿಸುವ ಹಮಾಲರೇ ಹೇಳಬಲ್ಲರು. ಕಂಪನಿ '25ರ ಒಳಗೆ ಇಡಿ' ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತದೆ. ಅಂಗಡಿಯವನು ರೋಗಿಗೆ ದಾಟಿಸುತ್ತಾನೆ. ರೋಗಿಗೆ ದಾಟಿಸಲು ಯಾರೂ ಇಲ್ಲ. ಲೆಕ್ಕ ಕೊನೆಗೆ ಅವನ ಹೆಸರಿಗೇ ನಿಲ್ಲುತ್ತದೆ.

ಸರ್ಕಾರಕ್ಕೆ ಇದು ಆಗದ ಕೆಲಸವೆ? ಪೋಲಿಯೋ ಹನಿಯ ಕಥೆ ನೆನಪು ಮಾಡಿಕೊಳ್ಳಿ. ಆ ಹನಿ ಕಾವಿಗೆ ಬಹು ಬೇಗ ಕೆಡುವ ಲಸಿಕೆ. ಆದರೂ ನಮ್ಮ ಆಶಾ, ಅಂಗನವಾಡಿ ತಾಯಂದಿರು ಹೆಗಲಿಗೆ ತಂಪುಪೆಟ್ಟಿಗೆ ಹಾಕಿಕೊಂಡು ತಾಂಡಾ ತಾಂಡಾಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ, ಬಸ್ ನಿಲ್ದಾಣಗಳಿಗೆ ಅದನ್ನು ಒಯ್ದರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಪ್ರಕರಣ ಬಂದಿಲ್ಲ. 2014ರ ಮಾರ್ಚಿಯಲ್ಲಿ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಬಂದಿತು. ಆ ಸೀಸೆಯ ಮೇಲೆ ಒಂದು ವೃತ್ತ, ವೃತ್ತದೊಳಗೆ ಒಂದು ಬಿಳಿ ಚೌಕ ಇರುತ್ತದೆ. ಕಾವು ತಿಂದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮವಾಯಿತೆಂದರೆ ಆ ಸೀಸೆ ಬೇಡ. 1996ರಿಂದ ಲಸಿಕೆಗಳ ಮೇಲೆ ಈ ಗುರುತು ಬಂದಿದೆ. ಓದು ಬಾರದವರೂ ಅದನ್ನು ಓದಬಲ್ಲರು. ನಾವು ಅಂಗಡಿಯಲ್ಲಿ ಕೊಳ್ಳುವ ಇನ್ಸುಲಿನ್ ಸೀಸೆಯ ಮೇಲೆ ಇಂಥ ಒಂದು ಚೌಕ ಏಕಿಲ್ಲ? ಲಸಿಕೆಯನ್ನು ಕೊಳ್ಳುವುದು ಸರ್ಕಾರ, ಇನ್ಸುಲಿನ್ ಕೊಳ್ಳುವುದು ಹಮಾಲ. ಕೊಳ್ಳುವವನಿಗೆ ಕೇಳುವ ಶಕ್ತಿ ಇದ್ದಲ್ಲಿ ಗುರುತು ಬರುತ್ತದೆ.

ಹೆರಿಗೆಯ ಕೋಣೆಯ ಮಾತನ್ನೂ ತಾಯಂದಿರ ಎದುರಿಗೆ ಹೇಳಲೇಬೇಕು. ಹೆರಿಗೆಯಾದ ಮೇಲೆ ರಕ್ತ ಹರಿಯುವುದನ್ನು ತಡೆಯಲು ಕೊಡುವ ಆಕ್ಸಿಟೋಸಿನ್ ಸೂಜಿಯೂ 2ರಿಂದ 8 ಡಿಗ್ರಿಯಲ್ಲಿರಬೇಕಾದ್ದು. ಅದು ಕೆಟ್ಟಿದ್ದರೆ ನರ್ಸಮ್ಮ ಎಷ್ಟು ಜಾಣೆಯಾದರೂ ಕೈಚೆಲ್ಲಿ ಕೂಡಬೇಕಾಗುತ್ತದೆ. ಕಾವು ತಡೆಯುವ ಕಾರ್ಬೆಟೋಸಿನ್ ಎಂಬ ಬದಲಿ ಔಷಧಿಯನ್ನು ಭಾರತವೂ ಸೇರಿ 10 ದೇಶಗಳ ಸುಮಾರು 30,000 ಹೆಂಗಸರಲ್ಲಿ ಪರೀಕ್ಷಿಸಿ, 2018ರಲ್ಲಿ ಫಲ ಪ್ರಕಟಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಔಷಧಿ ನಮ್ಮ ಹೋಬಳಿಯ ಆಸ್ಪತ್ರೆಗೆ ಬರಬೇಕಾದರೆ ಯಾರಾದರೂ ಕೇಳಬೇಕು. ಅಲ್ಲಿಯ ತನಕ ಹೆರಿಗೆ ಕೋಣೆಯ ಫ್ರಿಜ್ಜಿಗೆ ಇನ್ವರ್ಟರು ಇದೆಯೆ, ಇಲ್ಲವೆ ಎಂದು ಆರೋಗ್ಯ ರಕ್ಷಾ ಸಮಿತಿಯಲ್ಲಿ ಕುಳಿತ ನಮ್ಮ ಸದಸ್ಯರು ಹೋಗಿ ನೋಡಲಿ.

ಮಿಲ್ಲಿನ ಒಳಗೆ ನಮ್ಮ ಬೇಡಿಕೆ ದೊಡ್ಡದಲ್ಲ. 1948ರ ಕಾರ್ಖಾನೆ ಕಾಯಿದೆ 150 ಕೆಲಸಗಾರರಿಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇಕೆಂದಿತ್ತು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ತಂಪು ಮಾಡಿದ ಕುಡಿಯುವ ನೀರು ಕೊಡಬೇಕೆಂದಿತ್ತು. ಆ ಕಾಯಿದೆಯ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಕಾಗದದ ಹೆಸರು ಬದಲಾದರೂ ಬಾಯಾರಿಕೆ ಬದಲಾಗಲಿಲ್ಲ. ನೀರಿಗೆ ತಂಪುಯಂತ್ರ ಇಡಬಲ್ಲ ಮಾಲೀಕ ಅದರ ಪಕ್ಕದಲ್ಲಿ ಬೀಗವಿರುವ ಒಂದು ಚಿಕ್ಕ ಫ್ರಿಜ್ಜು ಇಡಲಾರನೆ? ಕೆಲಸಗಾರ ತನ್ನ ಹೆಸರು ಬರೆದ ಡಬ್ಬಿಯಲ್ಲಿ ಸೀಸೆ ಇಟ್ಟು, ಪಾಳಿ ಮುಗಿದ ಮೇಲೆ ಒಯ್ಯಲಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಬಾಯ್ಲರಿನ ಪಕ್ಕದ ಗೋಡೆಯಿಂದ ಕಿತ್ತು ನೆರಳಿಗೆ ಹಾಕಲಿ. ಈ ಎರಡು ವಿಷಯಗಳನ್ನು ಈ ಸಲದ ಮಾತುಕತೆಯ ಪಟ್ಟಿಗೆ ಸೇರಿಸಿದ್ದೇವೆ.

ಮರೆಯುವ ಮೊದಲು ಇನ್ನೊಂದು. ಕೆಲವು ಔಷಧಿಗಳು ಡಬ್ಬಿಯಲ್ಲಿ ಕೆಡದಿದ್ದರೂ ಬಿಸಿಲಿನಲ್ಲಿ ದುಡಿಯುವ ಮೈಗೆ ತೊಂದರೆ ಕೊಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಮನೋರೋಗದ ಕೆಲವು ಮಾತ್ರೆಗಳು, ಲಿಥಿಯಂ ಇಂಥವು. ನೀವಾಗಿಯೇ ಬಿಡಬೇಡಿ, ಬೇಸಿಗೆ ಹತ್ತುವ ಮೊದಲು, "ನಾವು ಬಿಸಿಲಿನಲ್ಲಿ ಕೆಲಸ ಮಾಡುವವರು" ಎಂದು ಡಾಕ್ಟರಿಗೆ ಹೇಳಿ ಕೇಳಿ.

ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ಇದೇ ಕಟ್ಟೆಯಲ್ಲಿ ಕುಂಬಾರ ಓಣಿಯವರು ಜೋಡುಗಡಿಗೆಗಳನ್ನು ತರುತ್ತಾರೆ. ಬೆಲೆ ಅವರೇ ಹೇಳುವರು, ಚೌಕಾಸಿ ಮಾಡಬೇಡಿ. ಉಸುಕು ಸಂಘದ ಕಡೆಯಿಂದ. ಮನೆಯಲ್ಲಿರುವ ಔಷಧಿಗಳನ್ನು ಡಬ್ಬಿ ಸಮೇತ ತನ್ನಿ. ಔಷಧಿ ಅಂಗಡಿಯ ಇಬ್ಬರು ಬಂಧುಗಳು ಕುಳಿತು ಚೀಟಿ ಓದಿ, ಯಾವುದು ಎಲ್ಲಿರಬೇಕೆಂದು ಕನ್ನಡದಲ್ಲಿ ಬರೆದು ಅಂಟಿಸಿಕೊಡಲು ಒಪ್ಪಿದ್ದಾರೆ. ಇನ್ಸುಲಿನ್ ಬಳಸುವವರು ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲೇರುವ ಮೊದಲೇ ಬನ್ನಿ.